ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

ನಾನು ಹೋಟೆಲುಗಳ ಅಡಿಗೆಮನೆ ಬರೆಯುವವಳು. ಹೀಗೆ ಹೇಳಿದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಐವತ್ತು ದಾಟಿದ, ಸೀರೆ ಉಟ್ಟ ಹೆಂಗಸಿಗೂ ಅಡಿಗೆಮನೆಗೂ ಇರುವ ಸಂಬಂಧ ಅವರಿಗೆ ಒಂದೇ ಗೊತ್ತು. ನಾನು ಅಡಿಗೆ ಮಾಡುವುದಿಲ್ಲ ಎಂದಲ್ಲ, ಮಾಡುತ್ತೇನೆ. ಅದು ಮನೆಯಲ್ಲಿ, ಸಂಬಳವಿಲ್ಲದೆ. ಸಂಬಳಕ್ಕೆ ಮಾಡುವ ಕೆಲಸ ಬೇರೆ. ದೋಸೆ ಕಲ್ಲು ಎಲ್ಲಿ ಕೂಡಬೇಕು, ಹೊಗೆ ಯಾವ ದಾರಿಯಿಂದ ಹೊರಗೆ ಹೋಗಬೇಕು, ಪಾತ್ರೆ ತೊಳೆದ ನೀರು ಯಾವ ಕಡೆ ಹರಿಯಬೇಕು, ಎಂಜಲು ತಟ್ಟೆ ಹೊತ್ತವನು ಬಿಸಿ ಸಾಂಬಾರು ಹೊತ್ತವನಿಗೆ ಹಾಯದಂತೆ ಹೇಗೆ ದಾಟಬೇಕು, ಇದನ್ನೆಲ್ಲ ಅಳತೆ ಹಿಡಿದು ನಕ್ಷೆ ಮಾಡುವುದು ನನ್ನ ಕೆಲಸ.

ಪುಣೆಯಲ್ಲಿ ಹೋಟೆಲ್ ಸಾಮಾನು ಮಾಡಿ ಮಾರುವ ಒಂದು ಕಂಪನಿಗೆ ನಾನು ಸೇರಿದ್ದು ಫೋನ್ ಎತ್ತುವುದಕ್ಕೆ. ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಾವಳಿ ಕಡೆಯ ಹೋಟೆಲಿನವರು. ಅವರ ಜೊತೆ ಕನ್ನಡ ಮಾತಾಡುವ ಒಬ್ಬರು ಬೇಕು ಎಂದು ಹಳೆಯ ಮಾಲೀಕರು ನನ್ನನ್ನು ತೆಗೆದುಕೊಂಡರು. ಫೋನಿನಲ್ಲಿ ಅವರ ಕಷ್ಟ ಕೇಳಿ ಕೇಳಿ, ನಕ್ಷೆ ಬರೆಯುತ್ತಿದ್ದವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೂತು ನಾನೂ ಬರೆಯುವುದನ್ನು ಕಲಿತೆ. ಮೊದಲು ಕಾಗದದ ಮೇಲೆ, ಆಮೇಲೆ ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ. ಯಾರೂ ಕಲಿಸುತ್ತೇನೆ ಬಾ ಎಂದು ಕರೆಯಲಿಲ್ಲ. ಕರೆಯಲಿ ಎಂದು ನಾನೂ ಕಾಯಲಿಲ್ಲ.

ಈ ಗಲಾಟೆ ಶುರುವಾದದ್ದು ಹೋದ ಮಳೆಗಾಲದಲ್ಲಿ, ಲೋಣಾವಳಾದಲ್ಲಿ. ಅಲ್ಲಿ ಉಡುಪಿ ಕಡೆಯ ಒಬ್ಬರು ಹಳೆಯ ಬಂಗಲೆಯೊಂದನ್ನು ಹೋಟೆಲು ಮಾಡುತ್ತಿದ್ದರು. ನಕ್ಷೆ ತೋರಿಸಲು ನಾನು ನಮ್ಮ ಮನೆಯಿರುವ ಖಡಕಿಯಿಂದ ಲೋಕಲ್ ರೈಲು ಹಿಡಿದು ಹೋದೆ. ಹಿಂದಿನ ದಿನ ರಾತ್ರಿಯಿಡೀ ಚಾರ್ಜ್ ಮಾಡಿಟ್ಟಿದ್ದ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದರೆ ಅದು ರೊಟ್ಟಿ ಇಳಿಸಿದ ಹಂಚಿನ ಹಾಗೆ ಸುಡುತ್ತಿತ್ತು. ಗುಂಡಿ ಒತ್ತಿದೆ, ಪರದೆ ಕಪ್ಪಗೇ ಇತ್ತು. ಬ್ಯಾಟರಿ ಪೂರ್ತಿ ಖಾಲಿ. ಚಾರ್ಜರ್ ಹಚ್ಚೋಣವೆಂದರೆ ಮಳೆಗೆ ಬೆಳಿಗ್ಗೆಯಿಂದಲೇ ಕರೆಂಟು ಹೋಗಿತ್ತು.

"ಎಂತ ಮೇಡಂ, ನಿಮ್ಮ ಲ್ಯಾಪ್‌ಟಾಪ್ ಸತ್ತೇ ಹೋಯ್ತಾ?" ಎಂದರು ಹೋಟೆಲಿನವರು.

"ಅದು ಸಾಯಲಿ ಬಿಡ್ರಿ, ನಾನು ಜೀವಂತ ಇದ್ದೀನಲ್ಲ," ಎಂದೆ. ಒಂದು ಸೀಮೆಸುಣ್ಣದ ಕಡ್ಡಿ ತರಿಸಿ, ಸೆರಗು ಸಿಕ್ಕಿಸಿಕೊಂಡು, ಆ ಖಾಲಿ ಕೋಣೆಯ ನೆಲದ ಮೇಲೇ ಅಡಿಗೆಮನೆಯನ್ನು ಬರೆದೆ. ಒಲೆ ಇಲ್ಲಿ, ಕಲ್ಲು ಇಲ್ಲಿ, ಹಿಟ್ಟು ರುಬ್ಬುವುದು ಅಲ್ಲಿ. ಅವರು ಗೆರೆಗಳ ನಡುವೆ ಹೆಜ್ಜೆ ಇಟ್ಟು ಓಡಾಡಿ ನೋಡಿ ಭಾರಿ ಖುಷಿಪಟ್ಟರು. ಆ ಖುಷಿಯಲ್ಲೇ ನಮ್ಮ ಆಫೀಸಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟರು. ಎಡವಟ್ಟಾದದ್ದು ಅಲ್ಲಿ.

ಹಳೆಯ ಮಾಲೀಕರು ಮೈಗೆ ಹುಷಾರಿಲ್ಲದೆ ಮನೆ ಹಿಡಿದ ಮೇಲೆ ಆಫೀಸು ಅವರ ಮಗನ ಕೈಗೆ ಬಂದಿತ್ತು. ಅವನು ಮಾತಾಡುವುದು ಮರಾಠಿ, ನನ್ನನ್ನು ಕರೆಯುವುದು ಕಾಕೂ ಎಂದು. ಕಾಕೂ ಅಂದರೆ ಚಿಕ್ಕಮ್ಮ. ಕೇಳಲಿಕ್ಕೆ ಪ್ರೀತಿಯ ಮಾತು. ಅದರೊಳಗೆ "ನಿಮಗಿನ್ನು ಇದೆಲ್ಲ ಯಾಕೆ" ಎಂಬುದನ್ನು ಹೇಗೆ ಸೇರಿಸಬೇಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಕರೆದು, "ಕಾಕೂ, ನಮ್ಮ ಕಂಪನಿಯವರು ನೆಲದ ಮೇಲೆ ಸುಣ್ಣದಿಂದ ಗೀಚಿ ಬಂದರು ಎಂದರೆ ಹೇಗೆ ಕಾಣುತ್ತದೆ? ಲ್ಯಾಪ್‌ಟಾಪ್ ನಿಮ್ಮಿಂದ ಸಂಭಾಳಿಸಲಿಕ್ಕೆ ಆಗುತ್ತಿಲ್ಲ. ಹೊಸ ಎಂಜಿನಿಯರ್ ಹುಡುಗಿ ಬಂದಿದ್ದಾಳೆ, ಅವಳಿಗೆ ಕೊಡಿ. ಮುಂದಿನ ಮಂಗಳವಾರ ಲೋಣಾವಳಾಕ್ಕೆ ಅವಳೇ ಹೋಗಲಿ. ನೀವು ಫೋನ್ ನೋಡಿಕೊಂಡು ಆರಾಮ ಮಾಡಿ," ಎಂದ.

ಆರಾಮ! ನನ್ನ ಪಿತ್ತ ನೆತ್ತಿಗೇರಿತು. ಎಲ್ಲಿಂದ ಶುರು ಮಾಡಿದ್ದೆನೋ ಅಲ್ಲಿಗೇ ತಂದು ಕೂಡಿಸಿ ಅದಕ್ಕೆ ಆರಾಮ ಎಂದು ಹೆಸರಿಡುವುದು. ಲೋಣಾವಳಾದ ಅಡಿಗೆಮನೆ ನನ್ನದು. ಅದರ ಒಂದೊಂದು ಗೆರೆಯನ್ನೂ ನಾನು ಬರೆದಿದ್ದೆ. ಲ್ಯಾಪ್‌ಟಾಪ್ ಕೊಟ್ಟರೆ ಅದು ಹೋಗುತ್ತದೆ, ಅದರ ಹಿಂದೆ ಬರುವ ಎಲ್ಲ ಅಡಿಗೆಮನೆಗಳೂ ಹೋಗುತ್ತವೆ. "ದೋಷ ಎಲ್ಲಿದೆ ಎಂದು ನಾನೇ ಹುಡುಕುತ್ತೇನೆ. ಸೋಮವಾರ ಹೇಳುತ್ತೇನೆ," ಎಂದೆ. ಅವನು ಭುಜ ಹಾರಿಸಿದ.

ಆ ವಾರ ನಾನು ಮಾಡದ ಪ್ರಯೋಗವಿಲ್ಲ. ಮುಚ್ಚಳ ಹಾಕಿದರೆ ಲ್ಯಾಪ್‌ಟಾಪ್ ಮಲಗಬೇಕು, ಅದು ನಿಯಮ. ನಮ್ಮದು ಮುಚ್ಚಿದರೂ ಎದ್ದೇ ಇರುತ್ತದೆ, ಚೀಲದ ಕತ್ತಲೆಯಲ್ಲಿ ತನ್ನಷ್ಟಕ್ಕೆ ದುಡಿಯುತ್ತ ಬೆವರುತ್ತದೆ, ಇಷ್ಟು ನನಗೆ ಅರ್ಥವಾಗಿತ್ತು. ಸೆಟ್ಟಿಂಗ್ ತೆಗೆದು ನೋಡಿದೆ. ಮುಚ್ಚಿದಾಗ ಮಲಗು ಎಂದೇ ಬರೆದಿತ್ತು. ಸುಮ್ಮನೆ ಬಿಟ್ಟರೆ ತಾನಾಗಿ ಮಲಗಬೇಡ ಎಂದೂ ಬರೆದಿತ್ತು, ಅದನ್ನು ಬರೆದವಳು ನಾನೇ. ಗಿರಾಕಿಗೆ ನಕ್ಷೆ ವಿವರಿಸುವಾಗ ಪರದೆ ಕಪ್ಪಾದರೆ ಮಾತು ಕೆಡುತ್ತದೆ. ಹಿಂದಿಯ ವೀಡಿಯೊಗಳನ್ನು ನೋಡುತ್ತ, ನಿಲ್ಲಿಸುತ್ತ, ಹಿಂದಕ್ಕೆ ಹೋಗುತ್ತ ಅವರು ಹೇಳಿದ್ದನ್ನೆಲ್ಲ ಮಾಡಿದೆ. ಮೌಸಿಗೆಂದು ಪಕ್ಕದಲ್ಲಿ ಸಿಕ್ಕಿಸಿದ್ದ ಚೂರನ್ನು ಕಿತ್ತೆ. ಯಾವ ಪ್ರೋಗ್ರಾಮು ಅದನ್ನು ಎಬ್ಬಿಸಿ ಇಡುತ್ತಿದೆ ಎಂದು ಕೇಳುವ ಆಜ್ಞೆಯೊಂದಿದೆ, ಅದನ್ನೂ ಒಂದೊಂದೇ ಅಕ್ಷರ ನೋಡಿ ಟೈಪು ಮಾಡಿದೆ. ಯಾರೂ ಎಬ್ಬಿಸುತ್ತಿಲ್ಲ ಎಂದಿತು. ಅಪ್‌ಡೇಟ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ತಲೆ ಕೆಡಿಸಿದ ಸಂಗತಿ ಬೇರೆ ಇತ್ತು. ಟೇಬಲ್ಲಿನ ಮೇಲಿಟ್ಟು ಪರೀಕ್ಷೆ ಮಾಡಿದಾಗಲೆಲ್ಲ ಅದು ಒಳ್ಳೆಯ ಮಗುವಿನ ಹಾಗೆ ಮಲಗುತ್ತಿತ್ತು. ಮುಚ್ಚಿದ ಕೂಡಲೇ ಪಕ್ಕದ ಸಣ್ಣ ದೀಪ ಮೆಲ್ಲಗೆ ಮಿನುಗಲು ಶುರುಮಾಡುತ್ತಿತ್ತು, ಮಲಗಿದೆ ಎನ್ನುವುದಕ್ಕೆ ಅದೇ ಗುರುತು. ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಹೋಗಿ ತೆಗೆದರೆ ಮತ್ತೆ ಬಿಸಿ, ಮತ್ತೆ ಖಾಲಿ. ಖಡಕಿ ಬಜಾರಿನ ರಿಪೇರಿಯವನ ಹತ್ತಿರ ಒಯ್ದೆ. ಅವನ ಎದುರೂ ಲಕ್ಷಣವಾಗಿ ಮಲಗಿತು. ಅವನು ನಾಲ್ಕು ಸಲ ತೆರೆದು ಮುಚ್ಚಿ, "ಇದಕ್ಕೇನೂ ಆಗಿಲ್ಲ," ಎಂದ. ಹಾಗೆ ಹೇಳುವಾಗ ಅವನು ನೋಡಿದ್ದು ಲ್ಯಾಪ್‌ಟಾಪನ್ನಲ್ಲ, ನನ್ನನ್ನು. ಲ್ಯಾಪ್‌ಟಾಪ್ ಸರಿ ಇದೆ, ಕೆಟ್ಟಿದ್ದು ಹೆಂಗಸು ಎಂಬ ಆ ನೋಟ ನನಗೆ ಹೊಸದಲ್ಲ. ಮಿಕ್ಸರ್ ರಿಪೇರಿಗೆ ಒಯ್ದಾಗಲೂ ಅದನ್ನು ಕಂಡಿದ್ದೇನೆ.

ನಮ್ಮವರು ಬಟ್ಟೆ ವ್ಯಾಪಾರಿಯೊಬ್ಬರ ಪೇಟೆಯ ಕೆಲಸ ನೋಡುತ್ತಾರೆ. ಜಗಳವೆಂದರೆ ಅವರಿಗೆ ಆಗದು. "ಹೋಗ್ಲಿ ಬಿಡು. ಫೋನಿನ ಕೆಲಸ ಏನ್ ಕಡಿಮಿ ಅದ? ಮಳಿಯಾಗ ಲೋಣಾವಳಾಕ್ಕ ಓಡೋದು ತಪ್ಪತದ," ಎಂದರು. ನಾನು ಅವರ ತಟ್ಟೆಗೆ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಹಾಕಿದೆ.

ಭಾನುವಾರ ಮಧ್ಯಾಹ್ನ. ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಕಿಟಕಿಯ ಬಳಿ ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ನಮ್ಮ ಅತ್ತೆ ವಿಜಯಪುರದ ಕಡೆಯವರು. ಪುಣೆಗೆ ಬಂದು ಎಷ್ಟೋ ವರ್ಷವಾದರೂ ನಾಲಿಗೆಯ ಖಾರ ಅಲ್ಲಿಯದೇ.

"ಒಂದ ಸವನ ತಗೀತಿ, ಮುಚ್ಚತಿ. ಏನ್ ನಡಿಸೀದಿ?" ಎಂದರು.

"ಮಲಗತದೋ ಇಲ್ಲೋ ನೋಡ್ಲಿಕ್ಕತ್ತೀನ್ರಿ."

"ಬರೇ ಮೈಲೆ ಹಂಗ ಮಲಗಸ್ತಾರೇನು? ಕೌದಿ ಎಲ್ಲಿ? ಹೊಚ್ಚಲಿಲ್ಲೇನು?"

ಕೌದಿಯ ಕಥೆ ಇಲ್ಲಿ ಹೇಳಬೇಕು. ನಮ್ಮ ಮನೆಯಲ್ಲಿ ಹೊದಿಕೆಯಿಲ್ಲದ ವಸ್ತುವೇ ಇಲ್ಲ. ಟಿವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ, ಫ್ರಿಜ್ಜಿನ ಹಿಡಿಕೆಗೆ ಹೊದಿಕೆ. ಗ್ಯಾಸ್ ಸಿಲಿಂಡರಿಗೂ ಒಂದು ನೆರಿಗೆಯ ಲಂಗ. ಹಾಗಿರುವಾಗ ಲ್ಯಾಪ್‌ಟಾಪ್ ಬಿಟ್ಟೀತೇ? ಮೊದಲೆಲ್ಲ ಮುಚ್ಚುವ ಮುಂಚೆ ಕೀಲಿಗಳ ಮೇಲೆ ಒಂದು ತೆಳ್ಳನೆಯ ಕರವಸ್ತ್ರ ಹಾಸುತ್ತಿದ್ದೆ, ಪರದೆಗೆ ಕೀಲಿಗಳ ಗುರುತು ಬೀಳದಿರಲಿ ಎಂದು. ಆ ಮಳೆಗಾಲ ಶುರುವಾದಾಗ, ಲೋಣಾವಳಾಕ್ಕೆ ಹೋಗುವ ಸ್ವಲ್ಪ ಮುಂಚೆ, ಅತ್ತೆ, "ಥಂಡಿ ಹತ್ತಿ ಕೆಟ್ಟೀತು," ಎಂದು ತಮ್ಮ ಹಳೆಯ ಸೀರೆಗಳ ತುಂಡು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಅದರ ಅಳತೆಗೆ ಸರಿಯಾಗಿ ಒಂದು ಪುಟ್ಟ ಕೌದಿ ಹೊಲಿದುಕೊಟ್ಟರು. ಕಣ್ಣು ಮಂಜಾಗಿದೆ, ಬೆರಳಿನಿಂದ ಮುಟ್ಟಿ ಮುಟ್ಟಿ ಹಾಕಿದ ಹೊಲಿಗೆ.

ನಾನು ಕೆಲಸಕ್ಕೆ ಸೇರಿದ ದಿನ ಇದೇ ಅತ್ತೆ, "ಮನಿ ಯಾರು ನೋಡ್ಬೇಕು?" ಎಂದು ಬಾಗಿಲಲ್ಲಿ ನಿಂತಿದ್ದರು. ಅಂದು ಸಂಜೆ ನಾನು ಮಾಡಿದ ರೊಟ್ಟಿ ಮುಟ್ಟಲಿಲ್ಲ. ಅಂಥವರು ಕೂತು ನನ್ನ ಲ್ಯಾಪ್‌ಟಾಪಿಗೆ ಕೌದಿ ಹೊಲಿದರು. ದಿನಾ ಬೆಳಿಗ್ಗೆ ಕರವಸ್ತ್ರದ ಬದಲು ಕೀಲಿಗಳ ಮೇಲೆ ಕೌದಿ ಹಾಸಿ, ಮುಚ್ಚಿ, ಚೀಲಕ್ಕೆ ಹಾಕಿ ಅದರ ಪಟ್ಟಿ ಒತ್ತಿ ಬಿಗಿಯುತ್ತಿದ್ದೆ.

ಟೇಬಲ್ಲಿನ ಮೇಲೆ ಪರೀಕ್ಷೆ ಮಾಡುವಾಗ ಮಾತ್ರ ಯಾರು ಪ್ರತಿ ಸಲ ಅದನ್ನು ಹಾಸುತ್ತಾರೆ? ರಿಪೇರಿಯವನ ಎದುರು ಮೊದಲು ಮಾಡಿದ್ದೇ ಅದನ್ನು ತೆಗೆದು ಚೀಲದೊಳಗೆ ತುರುಕಿದ್ದು.

ಆ ಮಧ್ಯಾಹ್ನ ಅತ್ತೆಯ ಬಾಯಿ ಮುಚ್ಚಿಸಲೆಂದು ಕೌದಿ ತಂದು ಹಾಸಿ ಮುಚ್ಚಳ ಹಾಕಿದೆ. ದೀಪ ಮಿನುಗಲಿಲ್ಲ. ನೆಟ್ಟಗೆ ಉರಿಯುತ್ತಲೇ ಇತ್ತು. ಕಿವಿಯಿಟ್ಟು ಕೇಳಿದೆ, ಒಳಗೆ ಫ್ಯಾನು ತಿರುಗುತ್ತಿತ್ತು. ತೆರೆದೆ, ಪರದೆ ಬೆಳಗುತ್ತಿತ್ತು. ಕೌದಿ ತೆಗೆದು ಮುಚ್ಚಿದೆ, ದೀಪ ಮಿನುಗಿತು. ಹಾಸಿದೆ, ಇಲ್ಲ. ತೆಗೆದೆ, ಮಿನುಗಿತು.

ವೀಡಿಯೊದವನೊಬ್ಬ ಹೇಳಿದ ಮಾತು ಆಗ ತಲೆಗೆ ಹತ್ತಿತು. ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ, ಅದು ಹತ್ತಿರ ಬಂತು ಎಂದು ಕೆಳಗಿನ ಭಾಗಕ್ಕೆ ತಿಳಿದರೆ ಮಾತ್ರ ಮುಚ್ಚಿತು ಎಂದು ಲೆಕ್ಕ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಅಂಚಿನ ಉದ್ದಕ್ಕೂ ಆಡಿಸಿದೆ. ಒಂದು ಮೂಲೆಯಲ್ಲಿ ಅದು ಟಕ್ಕನೆ ಅಂಟಿಕೊಂಡಿತು. ಕೌದಿಯ ದಪ್ಪಕ್ಕೆ ಮುಚ್ಚಳ ಬೆರಳಿನಷ್ಟು ಎದ್ದು ನಿಲ್ಲುತ್ತಿತ್ತು. ಲ್ಯಾಪ್‌ಟಾಪಿನ ಪ್ರಕಾರ ಅದು ಮುಚ್ಚಿಯೇ ಇರಲಿಲ್ಲ. "ಸಿಕ್ತು!" ಎಂದು ಕೂಗಿದೆ. ಒಳಗೆ ಮಲಗಿದ್ದ ನಮ್ಮವರು ಏನಾಯಿತೋ ಎಂದು ಎದ್ದು ಬಂದರು.

ಅವರಿಗೆ ವಿವರಿಸುತ್ತ ವಿವರಿಸುತ್ತ ನನ್ನ ಕಣ್ಣು ಅತ್ತೆಯ ಕಡೆ ಹೋಯಿತು. ಅವರ ಕೈಯಲ್ಲಿ ಸೊಪ್ಪಿನ ದಂಟು ಹಾಗೇ ನಿಂತಿತ್ತು.

"ನನ್ನ ಕೌದಿಯಿಂದ ನಿನ್ನ ನೌಕರಿ ಹೋಗತದೇನು?" ಎಂದರು.

ಆ ದನಿಯಲ್ಲಿ ಖಾರ ಇರಲಿಲ್ಲ. ಅಷ್ಟು ವರ್ಷದಲ್ಲಿ ನಾನು ಅವರನ್ನು ಹಾಗೆ ಕಂಡಿರಲಿಲ್ಲ. ನನಗೆ ಸಿಟ್ಟು ಬಂತು. ಎಂಬತ್ತರ ಹೆಂಗಸು ತಾನು ಹೊಲಿದ ಹೊಲಿಗೆಗೆ ಹೆದರುವಂತೆ ಮಾಡಿದ ಆ ಮಾಲೀಕರ ಮಗನ ಮೇಲೆ ಸಿಟ್ಟು.

"ಯಾಕ ಹೋಗತದ್ರಿ? ಅದು ಹೆಂಗ ಕಸಕೊತಾರ ನಾನೂ ನೋಡ್ತೀನಿ," ಎಂದೆ.

ನಮ್ಮವರು ಮಾತ್ರ ಲೆಕ್ಕಾಚಾರದ ಮನುಷ್ಯ. "ಕೌದಿ ಸುದ್ದಿ ಆಫೀಸಿನ್ಯಾಗ ತಗೀಬ್ಯಾಡ. ಸಾಫ್ಟ್‌ವೇರ್ ಕೆಟ್ಟಿತ್ತು, ಅಪ್‌ಡೇಟ್ ಮಾಡಿದೆ, ಸರಿ ಆತು ಅಂತ ಹೇಳು. ಯಾರು ಕೇಳ್ತಾರ? ಕೌದಿ ಅಂದ್ರ ನಗ್ತಾರ," ಎಂದರು. ಮಾತು ಸುಳ್ಳಲ್ಲ. ನಕ್ಕರೆ ಆ ನಗುವಿನ ಜೊತೆಗೇ ನನ್ನನ್ನು ಫೋನಿನ ಟೇಬಲ್ಲಿಗೆ ದಾಟಿಸುವುದು ಸಲೀಸು. ಒಂದು ಗಳಿಗೆ ನನಗೂ ಅದೇ ಸರಿ ಎನ್ನಿಸಿತು.

ಅತ್ತೆ ಸೊಪ್ಪಿನ ಬುಟ್ಟಿ ಸರಿಸಿದರು. ಖಾರ ವಾಪಸು ಬಂದಿತ್ತು. "ಯಾಕ ಹೇಳಬಾರದು? ಕಳುವು ಮಾಡೀವೇನು ನಾವು? ಹೊಚ್ಚೀವಿ. ಕೌದಿ ಅಂತನ ಹೇಳು. ನಗೋರು ನಗಲಿ, ಅವರ ಹಲ್ಲು ಅವರವು."

ಸೋಮವಾರ ಹಾಗೇ ಹೇಳಿದೆ. ಮಾಲೀಕರ ಮಗ, ಹೊಸ ಎಂಜಿನಿಯರ್ ಹುಡುಗಿ, ಇನ್ನೂ ಇಬ್ಬರು. ಎಲ್ಲರ ಎದುರು ಕೌದಿಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟೆ. ಹಾಸಿ ತೋರಿಸಿದೆ, ತೆಗೆದು ತೋರಿಸಿದೆ, ಪಿನ್ನು ಅಂಟಿಸಿ ತೋರಿಸಿದೆ. ಅಡಿಗೆಮನೆಯಲ್ಲಿ ಹೊಗೆಯ ದಾರಿ ಹೇಗೆ ವಿವರಿಸುತ್ತೇನೋ ಹಾಗೇ ವಿವರಿಸಿದೆ. ಮೊದಲು ಯಾರೋ ಮೂಗಿನಲ್ಲಿ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

"ಕಾಕೂ, ಲ್ಯಾಪ್‌ಟಾಪಿಗೆ ಗೋಧಡಿ!" ಎಂದ ಅವನು. ಕೌದಿಗೆ ಮರಾಠಿಯಲ್ಲಿ ಗೋಧಡಿ ಎನ್ನುತ್ತಾರೆ. "ನಾಳೆ ಇದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತೀರಿ. ನಾನು ಹೇಳಿದ್ದು ಇದನ್ನೇ ಅಲ್ಲವೇ?"

"ಕಟ್ಟಿದರೆ ಅದನ್ನೂ ಹೇಳುತ್ತೇನೆ," ಎಂದೆ. "ಕೌದಿ ಇಟ್ಟವಳೂ ನಾನೇ, ದೋಷ ಹುಡುಕಿದವಳೂ ನಾನೇ. ಅಪ್‌ಡೇಟ್ ಕೆಟ್ಟಿತ್ತು ಎಂದಿದ್ದರೆ ನೀವು ನಂಬುತ್ತಿದ್ದಿರಿ, ನಾನು ಶಾಣ್ಯಾಕಿ ಅನ್ನಿಸಿಕೊಳ್ಳುತ್ತಿದ್ದೆ. ನನಗೆ ಅದು ಬೇಕಾಗಿಲ್ಲ. ನಾಳೆ ಲೋಣಾವಳಾಕ್ಕೆ ನಾನೇ ಹೋಗುತ್ತೇನೆ."

ಅವನು ನಗು ಒರೆಸಿಕೊಂಡ. "ಇಲ್ಲ ಕಾಕೂ, ಅದು ಮುಗಿದ ಮಾತು. ಇಲ್ಲೇ ಮೇಜಿನ ಮೇಲೆ ಬಿಟ್ಟುಹೋಗಿ, ನಾಳೆ ಇವಳು ಹೋಗುತ್ತಾಳೆ." ಅಷ್ಟರಲ್ಲಿ ಫೋನು ಬಂತೆಂದು ಎದ್ದು ಹೊರಗೆ ಹೋದ. ಒಬ್ಬೊಬ್ಬರೇ ಎದ್ದು ಹೋದರು. ಎಂಜಿನಿಯರ್ ಹುಡುಗಿ ಮಾತ್ರ ಕೂತಿದ್ದಳು. ಅವಳು ಲ್ಯಾಪ್‌ಟಾಪನ್ನು ನೋಡಿದಳು, ನನ್ನನ್ನು ನೋಡಿದಳು. ಅದರ ಮೇಲೆ ಕೈ ಇಡಲಿಲ್ಲ. "ಡ್ರಾಯಿಂಗ್ ನಿಮ್ಮದು, ಕಾಕೂ," ಎಂದು ಮೆಲ್ಲಗೆ ಹೇಳಿ ತನ್ನ ಜಾಗಕ್ಕೆ ಹೋದಳು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ದೀಪ ಮಿನುಗುವವರೆಗೆ ನಿಂತು ನೋಡಿದೆ. ಆಮೇಲೆ ಕೌದಿಯನ್ನು ಹೊರಗಿನಿಂದ ಸುತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟೆ. ಹೆದರಿಕೆ ಆಗಲಿಲ್ಲ ಎಂದು ಯಾಕೆ ಹೇಳಲಿ, ಆಯಿತು. ನೌಕರಿ ಹೋದರೂ ಹೋದೀತು ಎಂಬುದು ಗೊತ್ತಿದ್ದೇ ಒಯ್ದೆ.

ಮಂಗಳವಾರ ಬೆಳಿಗ್ಗೆ ಆಫೀಸಿನ ಕಡೆ ಮುಖ ಹಾಕಲಿಲ್ಲ. ಖಡಕಿಯಿಂದ ಸೀದಾ ಲೋಕಲ್ ಹತ್ತಿದೆ. ಕಾಮಶೇತ್ ಸ್ಟೇಷನ್ ದಾಟಿದ ಮೇಲೆ ಮಳೆ ಕಿಟಕಿಯಿಂದ ಒಳಗೇ ಬರುತ್ತಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಆಗಾಗ ಕೈಯಿಟ್ಟು ನೋಡುತ್ತಿದ್ದೆ. ತಣ್ಣಗಿತ್ತು.

ಲೋಣಾವಳಾದಲ್ಲಿ ಅಂದೂ ಕರೆಂಟು ಇರಲಿಲ್ಲ. ಲ್ಯಾಪ್‌ಟಾಪ್ ತೆರೆದೆ. ನಕ್ಷೆ ಬಿಟ್ಟಲ್ಲೇ ಎದ್ದು ಬಂತು, ಬ್ಯಾಟರಿ ತುಂಬಿತ್ತು. ಹೋಟೆಲಿನವರು ಕನ್ನಡಕ ಏರಿಸಿಕೊಂಡು ನೋಡಿ, "ಇದೆಲ್ಲ ಅಡ್ಡಿ ಇಲ್ಲ. ಆದ್ರೆ ಪಾತ್ರೆ ತೊಳೆಯುವ ಜಾಗ ಸ್ವಲ್ಪ ಹಿಂದೆ ಹೋದ್ರೆ ಹೇಗೆ? ಇಲ್ಲಿ ನನ್ನ ಹೆಂಡ್ತಿ ಉಪ್ಪಿನಕಾಯಿ ಭರಣಿ ಇಡ್ಬೇಕಂತೆ," ಎಂದರು. ಕೂತಲ್ಲೇ ಗೋಡೆಯನ್ನು ಸರಿಸಿದೆ, ಚರಂಡಿಯನ್ನು ತಿರುಗಿಸಿದೆ. ಅವರ ಹೆಂಡತಿಯೂ ಬಂದು ಪಕ್ಕದಲ್ಲಿ ಕೂತರು. ಭರಣಿಗೆ ಎಷ್ಟು ಎತ್ತರದ ಕಟ್ಟೆ ಬೇಕು ಎಂದು ಅವರನ್ನೇ ಕೇಳಿ ಬರೆದೆ.

ಅರ್ಧ ಕೆಲಸವಾಗಿತ್ತು, ಫೋನು ಬಂತು. ಮಾಲೀಕರ ಮಗ.

"ಕಾಕೂ, ಲ್ಯಾಪ್‌ಟಾಪ್ ಎಲ್ಲಿ?"

"ನನ್ನ ಎದುರಿಗಿದೆ. ಲೋಣಾವಳಾದಲ್ಲಿ."

"ನಿಮಗೆ ಹೋಗಲು ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಅಡಿಗೆಮನೆ ನನ್ನದು, ಬಂದೆ."

ಅವನು ಏನು ಹೇಳಿದರೂ ಕೇಳಿಸಿಕೊಳ್ಳಲು ತಯಾರಾಗಿ, ಫೋನನ್ನು ಭುಜಕ್ಕೆ ಒತ್ತಿ ಹಿಡಿದು, ಕಟ್ಟೆಯ ಗೆರೆ ಎಳೆಯುತ್ತಲೇ ಇದ್ದೆ. ಹೋಟೆಲಿನವರ ಹೆಂಡತಿ ಪರದೆಯ ಮೇಲೆ ಬೆರಳಿಟ್ಟು, ಇನ್ನೂ ಸ್ವಲ್ಪ ಎತ್ತರ ಎಂದು ಸನ್ನೆ ಮಾಡಿದರು.

ಕೊನೆಗೆ ಅವನೇ ಕೇಳಿದ, "ಫೈನಲ್ ಡ್ರಾಯಿಂಗ್ ಯಾವಾಗ ಕೊಡುತ್ತೀರಿ?"

"ಮುಗಿದಾಗ," ಎಂದೆ.